ಸೆಂಟರ್ ಸ್ಪೀಕರ್‌ಗೆ ನಾಲ್ಕು ಲಕ್ಷದವರೆಗೂ ಹೋಗಬಹುದು, ಆದರೆ ಯಾವುದಕ್ಕೆ?

ಕುಕ್ಕರಹಳ್ಳಿ_ಕೆರೆ

ಎಲ್ಲರಿಗೂ ನಮಸ್ಕಾರ. ಮೈಸೂರಿನ ನಮ್ಮ ಮನೆ ಮಹಡಿಯಲ್ಲಿ ಒಂದು ರೂಮನ್ನು ಸಿನಿಮಾಗೆ ಅಂತಲೇ ಬಿಟ್ಟಿದ್ದೇವೆ. 18 ಅಡಿ ಉದ್ದ, 13 ಅಡಿ ಅಗಲ. ಗೋಡೆಗೆ 77 ಇಂಚಿನ ಹೊಸ ಓಎಲ್‌ಇಡಿ ಟಿವಿ. ಎಡಕ್ಕೂ ಬಲಕ್ಕೂ ಕೆಇಎಫ್ ಕಂಪನಿಯ ಆರ್7 ಮೆಟಾ ಟವರ್ ಸ್ಪೀಕರ್‌ಗಳು, ಒಂದು ಸಬ್‌ವೂಫರ್, ಹಿಂದೆ ಮಾಮೂಲಿ ಸರೌಂಡ್. ಸೆಂಟರ್, ಅಂದರೆ ಸಿನಿಮಾದ ಮಾತು ಬರುವ ನಡುವಿನ ಸ್ಪೀಕರ್ ಮಾತ್ರ ಹಳೇ ಸೆಟ್‌ನದ್ದು. ಎರಡು ವೂಫರ್ (ತಗ್ಗು ದನಿಗೆ), ನಡುವೆ ಒಂದು ಟ್ವೀಟರ್ (ಕೀರಲು ದನಿಗೆ) ಇರುವ ಅಡ್ಡ ಪೆಟ್ಟಿಗೆ.

ಸೋಫಾದ ನಡುವೆ ಕೂತರೆ ಪರವಾಗಿಲ್ಲ. ಅಮ್ಮ ಕೂರುವುದು ಪಕ್ಕದ ಕುರ್ಚಿಯಲ್ಲಿ. ಪ್ರತಿ ಸೀನ್‌ಗೂ "ಏನಂದ ಅವನು?" ಅಂತ ಕೇಳುತ್ತಾರೆ. ಕಿವಿ ಪರೀಕ್ಷೆ ಮಾಡಿಸಿದ್ದಾಯ್ತು, ಏನೂ ತೊಂದರೆ ಇಲ್ಲ. ನಾನೇ ಆ ಕುರ್ಚಿಯಲ್ಲಿ ಕೂತು ನೋಡಿದೆ, ಮಾತು ನಿಜವಾಗಲೂ ಮುಸುಕು ಹಾಕಿದ ಹಾಗೆ ಬರುತ್ತೆ.

ನಾಲ್ಕು ಲಕ್ಷದವರೆಗೂ ಹೋಗಬಹುದು. ತಲೆಯಲ್ಲಿ ಮೂರು ದಾರಿ ಇವೆ. ಒಂದು, ಟವರ್‌ಗಳದ್ದೇ ಸೀರೀಸ್‌ನ ಸೆಂಟರ್ ಆರ್6 ಮೆಟಾ. ಎರಡು, ಇನ್ನೂ ಸ್ವಲ್ಪ ಕೈ ಬಿಚ್ಚಿ ಬೋವರ್ಸ್ ಆ್ಯಂಡ್ ವಿಲ್ಕಿನ್ಸ್ ಎಚ್‌ಟಿಎಂ82 ಡಿ4. ಡೀಲರ್ ಇದನ್ನೇ ಜಾಸ್ತಿ ಹೊಗಳುತ್ತಿದ್ದಾರೆ: "ಡೈಲಾಗ್ ಅಷ್ಟೂ ಸೆಂಟರ್‌ನಲ್ಲೇ ಸಾರ್, ಅದಕ್ಕೆ ಎಷ್ಟು ಸುರಿದರೂ ದಂಡ ಆಗಲ್ಲ." ಮೂರು, ಅದೇ ಕೆಇಎಫ್ ಸೀರೀಸ್‌ನ ಚಿಕ್ಕ ಸ್ಪೀಕರ್ ಆರ್3 ಮೆಟಾ ಒಂದನ್ನು ತಂದು ಟಿವಿ ಕೆಳಗೆ ನೆಟ್ಟಗೆ ನಿಲ್ಲಿಸೋದು. ನೀವೇನಂತೀರಿ?

ಎರಡೇ_ಸಾಕು

ನಾಲ್ಕನೇ ದಾರಿ: ಸೆಂಟರ್ ತೆಗೆದುಬಿಡಿ. ಆರ್7 ಮೆಟಾ ಅಂಥ ಜೋಡಿ ಇದ್ದರೆ ನಡುವೆ ಮಾತು ತಾನೇ ಮೂಡುತ್ತೆ. ರಿಸೀವರ್‌ನಲ್ಲಿ (ಸ್ಪೀಕರ್‌ಗಳನ್ನೆಲ್ಲ ನಡೆಸುವ ಪೆಟ್ಟಿಗೆ) ಸೆಂಟರ್ 'ಇಲ್ಲ' ಅಂತ ಹಾಕಿ ಒಂದು ವಾರ ಕೇಳಿ. ದುಡ್ಡೂ ಉಳಿಯಿತು.

ಹುಬ್ಳಿ_ಹೈಫೈ

ಎರಡೇ_ಸಾಕು ಅವರೇ, ನೀವು ಒಬ್ಬರೇ ಕೂತು ಕೇಳೋರು, ನಿಮಗೆ ಸರಿ ರೀ. ಇಲ್ಲಿ ತೊಂದರೆ ಇರೋದೇ ಪಕ್ಕದ ಕುರ್ಚಿಯವರಿಗೆ. ನಡು ಬಿಟ್ಟು ಎರಡು ಅಡಿ ಸರಿದರೆ ಸಾಕು, ನೀವು ಹೇಳೋ ಆ ಮಾತು ಹತ್ತಿರದ ಟವರ್‌ಗೆ ಹೋಗಿ ಅಂಟಿಕೊಳ್ಳುತ್ತೆ. ಹೀರೋ ಟಿವಿ ನಡುವೆ, ದನಿ ಕಿಟಕಿ ಹತ್ತಿರ.

ಕುಕ್ಕರಹಳ್ಳಿಯವರೇ, ಬ್ರಾಂಡ್ ಮಾತು ಆಮೇಲೆ. ಟಿವಿಯಿಂದ ಸೋಫಾ ಎಷ್ಟು ದೂರ? ಅಮ್ಮನ ಕುರ್ಚಿ ನಡುವಿನಿಂದ ಎಷ್ಟು ಪಕ್ಕಕ್ಕಿದೆ? ಟೇಪ್ ಹಿಡಿದು ಅಳೆದು ಹೇಳ್ರಿ.

ಕುಕ್ಕರಹಳ್ಳಿ_ಕೆರೆ

ಅಳೆದೆ. ಸ್ಪೀಕರ್‌ನಿಂದ ಸೋಫಾ ಸಾಲಿಗೆ 3.4 ಮೀಟರ್. ಕುರ್ಚಿ ನಡುಗೆರೆಯಿಂದ ಒಂದೂವರೆ ಮೀಟರ್ ಬಲಕ್ಕೆ.

ಗಣಿತ_ಮೇಷ್ಟ್ರು

ಹಾಗಾದರೆ ಕುರ್ಚಿ ಸುಮಾರು 24 ಡಿಗ್ರಿ ಪಕ್ಕಕ್ಕಿದೆ. ನಿಮ್ಮ ಅಮ್ಮನ ದೂರಿಗೆ ಉತ್ತರ ಇಲ್ಲೇ ಇದೆ. ಒಂದು ಸಣ್ಣ ಲೆಕ್ಕ ಮಾಡೋಣ.

ನಿಮ್ಮ ಹಳೇ ಸೆಂಟರ್‌ನಲ್ಲಿ ಎರಡೂ ವೂಫರ್ ಒಂದೇ ದನಿ ನುಡಿಸುತ್ತವೆ. ಎರಡರ ನಡುಬಿಂದುಗಳ ಅಂತರ 30 ಸೆಂ.ಮೀ. ಅಂತಿಟ್ಟುಕೊಳ್ಳಿ. ನಡುವೆ ಕೂತವರಿಗೆ ಎರಡೂ ದನಿ ಒಟ್ಟಿಗೆ ತಲುಪುತ್ತವೆ. 24 ಡಿಗ್ರಿ ಪಕ್ಕದಲ್ಲಿ ಕೂತವರಿಗೆ ದೂರದ ವೂಫರ್‌ನ ದನಿ ಸುಮಾರು 12 ಸೆಂ.ಮೀ. ಹೆಚ್ಚು ಪಯಣಿಸಬೇಕು. ಯಾವ ದನಿಯ ಅರ್ಧ ಅಲೆ 12 ಸೆಂ.ಮೀ. ಇರುತ್ತೋ ಅದು ಆ ಜಾಗದಲ್ಲಿ ಒಂದನ್ನೊಂದು ಕಡಿದು ಹಾಕುತ್ತೆ. ಲೆಕ್ಕ ಹಾಕಿದರೆ 1,400 ಹರ್ಟ್ಸ್ ಆಸುಪಾಸು. ಮಾತಿನ ನಟ್ಟನಡುವೆ ಗುಂಡಿ ಬಿದ್ದ ಹಾಗಾಯ್ತು. ಇಂಥ ಪೆಟ್ಟಿಗೆಗಳಲ್ಲಿ ಟ್ವೀಟರ್ ಕೆಲಸ ಶುರು ಮಾಡೋದೇ ಸಾಮಾನ್ಯವಾಗಿ 2,000 ಹರ್ಟ್ಸ್ ದಾಟಿದ ಮೇಲೆ. ಹಾಗಾಗಿ ಆ ಗುಂಡಿ ತುಂಬೋಕೆ ಯಾರೂ ಇಲ್ಲ.

ಇದಕ್ಕೆ ದುಬಾರಿ, ಅಗ್ಗ ಅನ್ನೋ ಭೇದ ಇಲ್ಲ. ಅದೇ ವಿನ್ಯಾಸಕ್ಕೆ ಚಿನ್ನದ ಲೇಪ ಕೊಟ್ಟರೂ ಗುಂಡಿ ಅಲ್ಲೇ ಇರುತ್ತೆ.

ಕುಡ್ಲದ_ಕಿವಿ

ರೂಮಿಗೆ ತಕ್ಕ ಹಾಗೆ ದನಿ ತಿದ್ದುವ ಆಡಿಸ್ಸಿ, ಡಿರಾಕ್ ಥರದ ಸಾಫ್ಟ್‌ವೇರ್ ಹಾಕಿ ಸರಿ ಮಾಡಲಿಕ್ಕೆ ಆಗುದಿಲ್ವಾ ಮಾರಾಯ್ರೆ? ನನ್ನದೂ ಇದೇ ಕತೆ.

ಗಣಿತ_ಮೇಷ್ಟ್ರು

ಆಗಲ್ಲ. ಆ ಗುಂಡಿ ಒಂದೊಂದು ಸೀಟ್‌ಗೆ ಒಂದೊಂದು ಕಡೆ. 15 ಡಿಗ್ರಿಯಲ್ಲಿ ಕೂತವರಿಗೆ ಅದೇ ಗುಂಡಿ 2,200 ಹರ್ಟ್ಸ್‌ಗೆ ಜರುಗುತ್ತೆ, ನಡುವೆ ಕೂತವರಿಗೆ ಇಲ್ಲವೇ ಇಲ್ಲ. ಅಮ್ಮನ ಕುರ್ಚಿಗೆ ಅಂತ 1,400 ಎತ್ತಿದರೆ ಸೋಫಾದವರಿಗೆ ದನಿ ಮೂಗಿನಲ್ಲಿ ಬಂದ ಹಾಗೆ ಕೇಳುತ್ತೆ. ಮೇಲಾಗಿ ಎರಡು ಅಲೆ ಕಡಿದುಕೊಳ್ಳುವ ಜಾಗಕ್ಕೆ ಎಷ್ಟು ಪವರ್ ಸುರಿದರೂ ಎರಡೂ ಹೆಚ್ಚಾಗಿ ಮತ್ತೆ ಕಡಿದುಕೊಳ್ಳುತ್ತವೆ. ಕೊಳ್ಳುವಾಗಲೇ ನೋಡಿ ಕೊಳ್ಳಬೇಕಾದ ವಿಷಯ ಇದು.

ಹುಬ್ಳಿ_ಹೈಫೈ

ಮೇಷ್ಟ್ರು ಹೇಳಿದ್ದಕ್ಕೆ ಸೇರಿಸ್ತೀನಿ. ಒಳ್ಳೇ ಸೆಂಟರ್ ಅಂದರೆ ತ್ರೀ-ವೇ ಇರಬೇಕು, ಅಂದರೆ ದನಿಯನ್ನು ಮೂರು ಪಾಲು ಮಾಡಿ ಹಂಚಬೇಕು. ನಡುವೆ ಮಧ್ಯದ ದನಿಗೆ ಮಿಡ್‌ರೇಂಜ್, ಅದರ ನೆತ್ತಿ ಮೇಲೆ ಟ್ವೀಟರ್, ಆಚೆ ಈಚೆ ವೂಫರ್. ವೂಫರ್‌ಗಳ ಕೆಲಸ 400 ಹರ್ಟ್ಸ್ ಆಸುಪಾಸಿನಲ್ಲೇ ಮುಗಿಯಬೇಕು. ಆಗ ಅವು ಅರ್ಧ ಮೀಟರ್ ದೂರ ಇದ್ದರೂ ಆ ಕುರ್ಚಿಗೆ ತೊಂದರೆ ಇಲ್ಲ, ಯಾಕೆಂದರೆ ಕಡಿದುಕೊಳ್ಳುವ ದನಿಯನ್ನು ಅವು ನುಡಿಸೋದೇ ಇಲ್ಲ. ಇನ್ನೊಂದು ದಾರಿ ಮಿಡ್‌ರೇಂಜ್ ನಡುವೆಯೇ ಟ್ವೀಟರ್ ಕೂರಿಸೋದು. ಕೆಇಎಫ್‌ನವರ ಯುನಿ-ಕ್ಯೂ ಅದೇ, 1988ರಿಂದ ಮಾಡ್ತಾ ಬಂದಿದ್ದಾರೆ. ಅಡ್ಡ ಮಲಗಿಸಿ, ನೆಟ್ಟಗೆ ನಿಲ್ಲಿಸಿ, ಮಾತಿನ ಭಾಗಕ್ಕೆ ವ್ಯತ್ಯಾಸ ಇಲ್ಲ.

ನಿಮ್ಮ ಪಟ್ಟಿಯಲ್ಲಿರೋ ಮೂರೂ ಈ ಪರೀಕ್ಷೆ ಪಾಸ್ ರೀ. ಎಚ್‌ಟಿಎಂ82 ಕೂಡ ತ್ರೀ-ವೇನೇ. ಹಾಗಾಗಿ ಜಗಳ ಇರೋದು ಬೇರೆ ಕಡೆ: ಎಡ-ಬಲದ ಜೊತೆ ದನಿ ಹೊಂದುತ್ತಾ? ನಿಮ್ಮ ಟವರ್‌ಗಳಲ್ಲೂ ಆರ್6ನಲ್ಲೂ ಅದೇ ಯುನಿ-ಕ್ಯೂ, ಅದೇ ಆರೂವರೆ ಇಂಚಿನ ಎರಡೆರಡು ವೂಫರ್. ಕಾರು ಎಡದಿಂದ ಬಲಕ್ಕೆ ಹೋಗುವಾಗ ನಡುವೆ ಬೇರೆ ಕಾರು ಆಗಬಾರದು, ಅಲ್ವಾ?

ಎರಡೇ_ಸಾಕು

ಅಷ್ಟೆಲ್ಲಾ ವಿಜ್ಞಾನ ಹೇಳಿ ಕೊನೆಗೆ ಮತ್ತೆ ಒಂದು ಪೆಟ್ಟಿಗೆ ಮಾರಿದಿರಿ. ಒಬ್ಬರೇ ಕೂತು ಕೇಳೋವಾಗಲಾದರೂ ಎರಡೇ ಮೇಲು ಅಂತ ಒಪ್ಪುತ್ತೀರಾ?

ಗಣಿತ_ಮೇಷ್ಟ್ರು

ಹಾಡಿಗೆ ಒಪ್ಪುತ್ತೇನೆ. ಮಾತಿಗೆ ಪೂರ್ತಿ ಒಪ್ಪಲ್ಲ. ಎರಡು ಸ್ಪೀಕರ್ ನಡುವೆ ಮೂಡುವ ದನಿ ಪ್ರತಿ ಕಿವಿಗೂ ಎರಡು ಸಲ ಬರುತ್ತೆ. ಹತ್ತಿರದ್ದು ಮೊದಲು, ದೂರದ್ದು ಸುಮಾರು ಕಾಲು ಮಿಲಿಸೆಕೆಂಡ್ ತಡವಾಗಿ. ಅದರಿಂದ 2,000 ಹರ್ಟ್ಸ್ ಹತ್ತಿರ ಒಂದು ತಗ್ಗು ಬೀಳುತ್ತೆ. ಸ್ಪೀಕರ್ ಸಂಶೋಧಕ ಫ್ಲಾಯ್ಡ್ ಟೂಲ್ ಇದನ್ನು ವರ್ಷಗಟ್ಟಲೆ ಹೇಳುತ್ತಾ ಬಂದಿದ್ದಾರೆ. ವ್ಯಂಜನಗಳು ಸ್ಪಷ್ಟವಾಗಿ ಕೇಳಬೇಕಾದರೆ 2,000ದಿಂದ 4,000ದವರೆಗಿನ ಭಾಗ ಚೆನ್ನಾಗಿರಬೇಕು. ರೂಮಿನ ಪ್ರತಿಧ್ವನಿ ಆ ತಗ್ಗನ್ನು ಸ್ವಲ್ಪ ತುಂಬುತ್ತೆ, ಪೂರ್ತಿ ಅಲ್ಲ. ನಿಜವಾದ ಒಂದು ಸ್ಪೀಕರ್ ನಡುವೆ ಇದ್ದರೆ ಈ ರಗಳೆಯೇ ಇಲ್ಲ.

ಟಾಕೀಸ್_ಹುಡುಗ

ಅಮೆರಿಕದ ಟೆಲಿಫೋನ್ ಕಂಪನಿಯ ಸಂಶೋಧನಾಲಯ ಬೆಲ್ ಲ್ಯಾಬ್ಸ್‌ನವರು 1933ರಲ್ಲೇ ಇದನ್ನು ಮಾಡಿ ತೋರಿಸಿದ್ದರು. ಫಿಲಡೆಲ್ಫಿಯಾದಲ್ಲಿ ಆರ್ಕೆಸ್ಟ್ರಾ ನುಡಿಸಿತು, ದನಿ ಮೂರು ತಂತಿ ಹಿಡಿದು ವಾಷಿಂಗ್ಟನ್‌ಗೆ ಹೋಯಿತು, ಅಲ್ಲಿನ ವೇದಿಕೆಯಲ್ಲಿ ಮೂರು ಸ್ಪೀಕರ್. ಎರಡಲ್ಲ, ಮೂರು. ಮನೆಗೆ ಎರಡು ಬಂದದ್ದಕ್ಕೆ ಗ್ರಾಮಫೋನ್ ತಟ್ಟೆಯ ಗೀರಿನಲ್ಲಿ ಎರಡು ಗೋಡೆ ಇರೋದೇ ದೊಡ್ಡ ಕಾರಣ.

ಟಾಕೀಸ್ ಪರದೆ ಹಿಂದೆ ಹೋಗಿ ನೋಡಿದವರಿಗೆ ಗೊತ್ತು. ಪರದೆ ತುಂಬಾ ಸೂಜಿಮೊನೆ ತೂತು. ನಡುವಿನ ಸ್ಪೀಕರ್ ಆಳೆತ್ತರ. ಅಲ್ಲಿ ಯಾರೂ ಸೆಂಟರನ್ನು ಅಡ್ಡ ಮಲಗಿಸಲ್ಲ. ಮನೆಯಲ್ಲಿ ಮಲಗಿಸೋದು ಟಿವಿ ಅಡ್ಡ ಬರುತ್ತೆ ಅಂತ, ದನಿ ಚೆನ್ನಾಗಿರುತ್ತೆ ಅಂತಲ್ಲ.

ಬೇಸ್‌ಮೆಂಟ್_ಥಿಯೇಟರ್

ನ್ಯೂಜೆರ್ಸಿಯಿಂದ ಬರೀತಿದ್ದೀನಿ. ಟಾಕೀಸ್_ಹುಡುಗ ಹೇಳಿದ್ದನ್ನೇ ನಾನು ಮಾಡಿದ್ದು. ಪ್ರೊಜೆಕ್ಟರ್, ದನಿ ದಾಟುವ ನೇಯ್ದ ಪರದೆ, ಅದರ ಹಿಂದೆ ಒಂದೇ ಥರದ ಮೂರು ಸ್ಪೀಕರ್, ಮೂರೂ ನೆಟ್ಟಗೆ, ಮೂರೂ ಕಿವಿ ಎತ್ತರಕ್ಕೆ. ಬಾಯಿ ಎಲ್ಲಿದೆಯೋ ದನಿ ಅಲ್ಲಿಂದಲೇ. ಇದಾದ ಮೇಲೆ ಟಿವಿ ಕೆಳಗಿನ ಸೆಂಟರ್ ಕೇಳಿದರೆ ಎಲ್ಲರೂ ಹೊಟ್ಟೆಯಿಂದ ಮಾತಾಡಿದ ಹಾಗನ್ನಿಸುತ್ತೆ.

ಬೆಲೆ ತೆರಬೇಕು. ನೇಯ್ದ ಬಟ್ಟೆ ಬೆಳಕನ್ನೂ ಸ್ವಲ್ಪ ತಿನ್ನುತ್ತೆ, ಟ್ವೀಟರ್ ಭಾಗದ ದನಿಯನ್ನೂ ಸ್ವಲ್ಪ ತಿನ್ನುತ್ತೆ. ದನಿಯನ್ನು ಈಕ್ಯೂನಲ್ಲಿ (ಈಕ್ವಲೈಸರ್) ಎತ್ತಬಹುದು, ಬೆಳಕಿಗೆ ಜೋರಾದ ಪ್ರೊಜೆಕ್ಟರ್ ಬೇಕು. ಮತ್ತೆ ಪರದೆ ಮುಂದಕ್ಕೆ ಬರುತ್ತೆ, ರೂಮಿನ ಉದ್ದ ಎರಡು ಅಡಿಯಾದರೂ ಕಮ್ಮಿಯಾಗುತ್ತೆ. 18 ಅಡಿ ರೂಮಲ್ಲಿ ಆಗುತ್ತೆ, ಆದರೆ ಹೊಸ ಓಎಲ್‌ಇಡಿ ಇರುವಾಗ ಹೇಳೋಕೆ ಬಾಯಿ ಬರ್ತಿಲ್ಲ.

ಕುಕ್ಕರಹಳ್ಳಿ_ಕೆರೆ

ಟಿವಿ ತೆಗೆಯೋ ಮಾತು ಮನೆಯಲ್ಲಿ ಎತ್ತಿದರೆ ನನ್ನನ್ನೇ ತೆಗೀತಾರೆ. ಅದು ಬೇಡ. ಆರ್3 ನೆಟ್ಟಗೆ ನಿಲ್ಲಿಸೋದು ಹೇಗೆ?

ಹುಬ್ಳಿ_ಹೈಫೈ

ದನಿಗೆ ಸೊಗಸು. ಆದರೆ ಅದು 42 ಸೆಂ.ಮೀ. ಎತ್ತರ. ಸ್ಟ್ಯಾಂಡ್ ಮೇಲೋ ಟಿವಿ ಯೂನಿಟ್ ಮೇಲೋ ಇಟ್ಟರೆ ಟಿವಿಯನ್ನು ಆ ಮಟ್ಟಕ್ಕೆ ಮೇಲೆತ್ತಬೇಕು, ಕುತ್ತಿಗೆ ನೋವು ಶುರು. ಮತ್ತೆ ಅವು ಜೋಡಿಯಾಗಿ ಮಾರೋದು. ಒಂದೇ ಕೊಡಿ ಅಂದರೆ ಡೀಲರ್ ಮುಖ ನೋಡ್ತಾರೆ. ಉಳಿದ ಒಂದನ್ನು ಏನು ಮಾಡ್ತೀರಿ?

ಕುಡ್ಲದ_ಕಿವಿ

ಇನ್ನೊಂದು ನನಗೆ ಕೊಡಿ, ಅರ್ಧ ದುಡ್ಡು ಹಾಕ್ತೇನೆ 😄

ಹುಬ್ಳಿ_ಹೈಫೈ

ಆಂಪ್ (ಆಂಪ್ಲಿಫೈಯರ್) ಬಗ್ಗೆ ಯಾರೂ ಕೇಳಲಿಲ್ಲ. ಕುಕ್ಕರಹಳ್ಳಿಯವರೇ, ಯಾವ ರಿಸೀವರ್?

ಕುಕ್ಕರಹಳ್ಳಿ_ಕೆರೆ

ಚಾನೆಲ್‌ಗೆ 100 ವ್ಯಾಟ್ ಆಸುಪಾಸು ಕೊಡುವ ಒಂಬತ್ತು ಚಾನೆಲ್‌ನದು. ಬೇರೆ ಪವರ್ ಆಂಪ್ ಇಲ್ಲ. ರಾತ್ರಿ ಹೊತ್ತು ಮೆಲ್ಲಗೇ ಕೇಳೋದು, ಭಾನುವಾರ ಮಾತ್ರ ಜೋರು.

ಗಣಿತ_ಮೇಷ್ಟ್ರು

ಇದಕ್ಕೂ ಲೆಕ್ಕ ಇದೆ. ಸಿನಿಮಾದ ರೆಫರೆನ್ಸ್ ಮಟ್ಟದಲ್ಲಿ, ಅಂದರೆ ಟಾಕೀಸಿಗೆ ಅಂತ ಗೊತ್ತು ಮಾಡಿದ ಜೋರಿನಲ್ಲಿ, ಒಂದೊಂದು ಮುಖ್ಯ ಚಾನೆಲ್‌ನ ತುದಿ ಸದ್ದು ಸೀಟಿನಲ್ಲಿ 105 ಡೆಸಿಬಲ್ ಮುಟ್ಟಬೇಕು. ಸ್ಪೀಕರ್ ಸೆನ್ಸಿಟಿವಿಟಿ (1 ವ್ಯಾಟ್‌ಗೆ ಒಂದು ಮೀಟರ್ ದೂರದಲ್ಲಿ ಬರುವ ಸದ್ದು) 87 ಡೆಸಿಬಲ್, ದೂರ 3.4 ಮೀಟರ್ ಅಂದರೆ, ರೂಮಿನ ಸಹಾಯ ಬಿಟ್ಟು, 700 ವ್ಯಾಟ್ ದಾಟುತ್ತೆ. ಗಾಬರಿ ಬೇಡ. ಮನೆಯಲ್ಲಿ ಯಾರೂ ಆ ಮಟ್ಟದಲ್ಲಿ ಕೇಳಲ್ಲ. ವಾಲ್ಯೂಮ್ ಮೈನಸ್ 10ಕ್ಕೆ ಇಳಿಸಿದರೆ ಅದೇ ಲೆಕ್ಕ 73 ವ್ಯಾಟ್‌ಗೆ ಬರುತ್ತೆ. ಪ್ರತಿ 10 ಡೆಸಿಬಲ್‌ಗೆ ಹತ್ತು ಪಟ್ಟು.

ಒಂದು ಎಚ್ಚರಿಕೆ. ಕಂಪನಿಗಳು ಬರೆಯೋ ಸೆನ್ಸಿಟಿವಿಟಿ 2.83 ವೋಲ್ಟ್‌ಗೆ. 8 ಓಮ್ ಸ್ಪೀಕರ್‌ನಲ್ಲಿ ಅದು 1 ವ್ಯಾಟ್, 4 ಓಮ್‌ನಲ್ಲಿ 2 ವ್ಯಾಟ್. ನಿಮ್ಮ ಪಟ್ಟಿಯಲ್ಲಿರೋದು 4 ಓಮ್ ಅಂತಿದ್ದರೆ 73ನ್ನು ದುಪ್ಪಟ್ಟು ಮಾಡಿ ಓದಿ. ನಾನಾದರೆ ಸೆಂಟರ್‌ನಲ್ಲಿ ಉಳಿಸಿದ ದುಡ್ಡಿಗೆ ಮುಂದಿನ ಮೂರು ಚಾನೆಲ್‌ಗೆ ಒಂದು ಪವರ್ ಆಂಪ್ ನೋಡುತ್ತೇನೆ. ಎಲ್ಲವನ್ನೂ 80 ಹರ್ಟ್ಸ್‌ಗೆ ಕತ್ತರಿಸಿ ಕೆಳಗಿನದನ್ನು ಸಬ್‌ವೂಫರ್‌ಗೆ ಬಿಡಿ, ಅಲ್ಲೇ ಆಂಪ್‌ನ ಹೊರೆ ಎಷ್ಟೋ ಇಳಿಯುತ್ತೆ.

ಕುಡ್ಲದ_ಕಿವಿ

ನೆಲ ಎಂಥದ್ದು? ನಮ್ಮ ಮನೆಯಲ್ಲಿ ವಿಟ್ರಿಫೈಡ್ ಟೈಲ್ಸ್, ಮುಂದೆ ಗಾಜಿನ ಟೀಪಾಯಿ. ಟೀಪಾಯಿ ತೆಗೆದು ದಪ್ಪ ಜಮಖಾನ ಹಾಸಿದ್ದೇ ತಡ, ಮಾತು ಅರ್ಧ ಸರಿಯಾಯ್ತು. ಸ್ಪೀಕರ್ ಬದಲಾಯಿಸುವ ಮೊದಲು ಅದನ್ನು ಮಾಡಿ ನೋಡಿ, ಖರ್ಚು ಕಮ್ಮಿ.

ಬೇಸ್‌ಮೆಂಟ್_ಥಿಯೇಟರ್

ಸರಿಯಾದ ಮಾತು. ಇನ್ನೊಂದು: ರಾತ್ರಿ ಮೆಲ್ಲಗೆ ಕೇಳುವಾಗ ಡೈಲಾಗ್ ಕೇಳಿಸಲ್ಲ, ಫೈಟ್ ಬಂದರೆ ಮನೆ ನಡುಗುತ್ತೆ ಅನ್ನೋ ದೂರಿಗೆ ಯಾವ ಸೆಂಟರ್ ತಂದರೂ ಪರಿಹಾರ ಇಲ್ಲ. ಅದು ಮಿಕ್ಸ್ ಮಾಡಿರೋದೇ ಹಾಗೆ. ರಿಸೀವರ್‌ನ ನೈಟ್ ಮೋಡ್ ಹಾಕಿ, ಸೆಂಟರ್ ಮಟ್ಟ ಎರಡು ಡೆಸಿಬಲ್ ಏರಿಸಿ. ಶುದ್ಧತೆ ಅಂತ ಸುಮ್ನೆ ಹಟ ಮಾಡಬೇಡಿ.

ಹುಬ್ಳಿ_ಹೈಫೈ

ಕೇಳೋಕೆ ಹೋಗುವಾಗ ಹೀಗೆ ಮಾಡ್ರಿ. ಅಂಗಡಿಯವರು ಹಾಕೋ ಡೆಮೊ ಸೀನ್ ಬಿಡಿ. ಹೆಲಿಕಾಪ್ಟರ್, ಮಳೆ, ಗಾಜು ಒಡೆಯೋದು, ಅದರಲ್ಲಿ ಎಲ್ಲಾ ಸ್ಪೀಕರೂ ಚೆನ್ನಾಗೇ ಕೇಳುತ್ತೆ. ಸೆಂಟರ್ ಒಂದಕ್ಕೇ ಪಿಂಕ್ ನಾಯ್ಸ್ ಹಾಕಿಸಿ. ಸುಮ್ನೆ 'ಶ್' ಅನ್ನೋ ಸದ್ದು. ಕಣ್ಣು ಮುಚ್ಚಿ ಸೋಫಾದ ಈ ತುದಿಯಿಂದ ಆ ತುದಿಗೆ ನಿಧಾನ ನಡೀರಿ. ಸದ್ದಿನ ಬಣ್ಣ ಬದಲಾಗಿ 'ಶ್' ಹೋಗಿ 'ಹೂಷ್' ಆಯಿತು ಅಂದರೆ ಆ ಸ್ಪೀಕರ್ ಬಿಡಿ. ಜೋರು ಸ್ವಲ್ಪ ಇಳಿದರೆ ಪರವಾಗಿಲ್ಲ, ಬಣ್ಣ ಬದಲಾಗಬಾರದು.

ಆಮೇಲೆ ಪೆನ್‌ಡ್ರೈವ್‌ನಲ್ಲಿ ಒಂದು ಹಳೇ ಕನ್ನಡ ಸಿನಿಮಾ ಒಯ್ರಿ, ಮೋನೋ ಇರೋದು. ಎಡ-ಬಲ ಎರಡರಲ್ಲೂ ಒಂದೇ ದನಿ ಇರೋದರಿಂದ ರಿಸೀವರ್‌ನ ಡಾಲ್ಬಿ ಸರೌಂಡ್ ಮೋಡ್ ಹಾಕಿದರೆ ಅಷ್ಟೂ ಸೆಂಟರ್‌ಗೆ ಬರುತ್ತೆ. ರಾಜ್‌ಕುಮಾರ್ ದನಿ ನಮಗೆಲ್ಲ ಚಿಕ್ಕಂದಿನಿಂದ ಗೊತ್ತು. ಎಲ್ಲಿ ಕೆಟ್ಟಿತು ಅಂತ ಕಿವಿಗೆ ಒಂದು ಸಾಲಿನಲ್ಲೇ ಗೊತ್ತಾಗುತ್ತೆ.

ಗಣಿತ_ಮೇಷ್ಟ್ರು

ಅಂಗಡಿಗೆ ಹೋಗುವ ಮೊದಲು ಗ್ರಾಫ್ ನೋಡುವವರಿಗೆ ಒಂದು ಮಾತು. ಸ್ಪೀಕರ್ ಸುತ್ತ ಎಲ್ಲಾ ಕೋನದಿಂದ ಅಳೆದ ಸ್ಪಿನೋರಾಮಾ ಅಂತ ಗ್ರಾಫ್ ಸಿಗುತ್ತಲ್ಲ, ಅದರಲ್ಲಿ 'ಲಿಸನಿಂಗ್ ವಿಂಡೋ' ಗೆರೆ ನೋಡಿ ಮೋಸ ಹೋಗಬೇಡಿ. ಅದು ಅಡ್ಡಕ್ಕೆ 30 ಡಿಗ್ರಿವರೆಗೂ, ಮೇಲೆ ಕೆಳಗೆ 10 ಡಿಗ್ರಿವರೆಗೂ ಅಳೆದದ್ದರ ಸರಾಸರಿ. ಸರಾಸರಿಯಲ್ಲಿ ಗುಂಡಿ ಮುಚ್ಚಿಹೋಗುತ್ತೆ. ಅಡ್ಡ ದಿಕ್ಕಿನ ಬಿಡಿ ಗೆರೆಗಳು ಬೇಕು, 20 ಮತ್ತು 30 ಡಿಗ್ರಿಯವು.

ಕುಕ್ಕರಹಳ್ಳಿ_ಕೆರೆ

ಬೆಂಗಳೂರಿಗೆ ಹೋಗಿ ಕೇಳಿ ಬಂದೆ. ಅಮ್ಮನೂ ಬಂದಿದ್ದರು. ಎಚ್‌ಟಿಎಂ82 ಡಿ4 ಮತ್ತು ಆರ್6 ಮೆಟಾ ಬೇರೆ ಬೇರೆ ಅಂಗಡಿಯಲ್ಲಿ. ಪಿಂಕ್ ನಾಯ್ಸ್ ಹಾಕಿ ಅಂದಾಗ ಮೊದಲ ಅಂಗಡಿಯ ಹುಡುಗ ನನ್ನನ್ನು ವಿಚಿತ್ರವಾಗಿ ನೋಡಿದ, ಆಮೇಲೆ ಅವನೂ ಜೊತೆಗೆ ನಡೆದ.

ಎರಡೂ ಪಾಸ್. ಬಣ್ಣ ಬದಲಾಗಲಿಲ್ಲ. ಒಂಟಿಯಾಗಿ ಕೇಳಿದಾಗ ನನಗೆ ಜಾಸ್ತಿ ಇಷ್ಟವಾದದ್ದು ಎಚ್‌ಟಿಎಂ82, ಅದನ್ನು ಮುಚ್ಚಿಡಲ್ಲ. ದನಿಗೆ ಒಂದು ಹೊಳಪಿದೆ. ಆದರೆ ಆ ಹೊಳಪು ನನ್ನ ಟವರ್‌ಗಳಲ್ಲಿಲ್ಲ. ಎರಡನೇ ಅಂಗಡಿಯಲ್ಲಿ ಆರ್7 ಜೋಡಿ ಮಧ್ಯೆ ಆರ್6 ಇತ್ತು. ಒಂದು ಸೀನ್‌ನಲ್ಲಿ ಆಟೋ ಎಡದಿಂದ ಬಲಕ್ಕೆ ಹೋಯಿತು. ಮೂರು ಸ್ಪೀಕರ್ ಇದೆ ಅನ್ನೋದೇ ಗೊತ್ತಾಗಲಿಲ್ಲ.

ಅಮ್ಮನನ್ನು ಬೇಕಂತಲೇ ಬಲಗಡೆ ತುದಿಯಲ್ಲಿ ಕೂರಿಸಿದ್ದೆ. ಹಳೇ ಸಿನಿಮಾದ ಡೈಲಾಗ್ ಮುಗಿಯೋ ಮೊದಲೇ ಅವರೇ ಮುಂದಿನ ಸಾಲು ಹೇಳಿದರು. ಹಾಗಾಗಿ ಅವರ ಪರೀಕ್ಷೆಯನ್ನು ಎಷ್ಟು ನಂಬಬೇಕೋ ಗೊತ್ತಿಲ್ಲ 🙂 ಗೊತ್ತಿಲ್ಲದ ಸಿನಿಮಾ ಹಾಕಿದಾಗಲೂ "ಏನಂದ" ಅಂತ ಕೇಳಲಿಲ್ಲ.

ಆರ್6 ಮೆಟಾಗೆ ಅಡ್ವಾನ್ಸ್ ಕೊಟ್ಟೆ. ಉಳಿದದ್ದು ಪವರ್ ಆಂಪ್‌ಗೆ. ಬಡಗಿ ನಾಳೆ ಟಿವಿ ಯೂನಿಟ್ ಅಳತೆಗೆ ಬರ್ತಾನೆ. ಸ್ಪೀಕರ್ 20 ಸೆಂ.ಮೀ. ಎತ್ತರ, 63 ಅಗಲ. 21ಕ್ಕೆ 65ರ ಗೂಡು ಸಾಕಾ?

ಎರಡೇ_ಸಾಕು

ಶುಭವಾಗಲಿ. ಭಾನುವಾರ ಬೆಳಿಗ್ಗೆ ಹಾಡು ಕೇಳುವಾಗ ಮಾತ್ರ ಸ್ಟೀರಿಯೋ ಬಟನ್ ಒತ್ತಿ, ನನಗೋಸ್ಕರ.

ಹುಬ್ಳಿ_ಹೈಫೈ

ಬಡಗಿಯನ್ನು ತಡೀರಿ! 21 ಸಾಲಲ್ಲ. ಗೂಡಿನೊಳಗೆ ಬಿಗಿಯಾಗಿ ತುರುಕಿದರೆ ಸುತ್ತಲಿನ ಹಲಗೆ 100ರಿಂದ 250 ಹರ್ಟ್ಸ್ ಎತ್ತಿಬಿಡುತ್ತೆ. ಗಂಡಸರ ದನಿಯೆಲ್ಲ ಕೊಡದೊಳಗಿಂದ ಬಂದ ಹಾಗೆ. ಸ್ಪೀಕರ್ ಮುಖ ಯೂನಿಟ್‌ನ ಮುಂದಿನ ಅಂಚಿಗೆ ಬರಬೇಕು, ಒಳಗೆ ಸರಿದರೆ ಹಲಗೆಗೆ ಬಡಿದ ದನಿಯೂ ಸೇರುತ್ತೆ.

ಮತ್ತೆ ಓರೆ. ಟ್ವೀಟರ್ ನೆಲದಿಂದ ಎಷ್ಟು ಎತ್ತರ ಬರುತ್ತೆ?

ಕುಕ್ಕರಹಳ್ಳಿ_ಕೆರೆ

ಸುಮಾರು 55. ಕೂತಾಗ ಕಿವಿ 95.

ಗಣಿತ_ಮೇಷ್ಟ್ರು

40 ಸೆಂ.ಮೀ. ವ್ಯತ್ಯಾಸ, 3.4 ಮೀಟರ್ ದೂರ. ಸುಮಾರು 7 ಡಿಗ್ರಿ ಮೇಲಕ್ಕೆ ಓರೆ ಮಾಡಬೇಕು. ಪೆಟ್ಟಿಗೆಯ ಆಳ 38 ಸೆಂ.ಮೀ. ಹತ್ತಿರ ಇರೋದರಿಂದ ಮುಂದಿನ ಅಂಚು ನಾಲ್ಕೂವರೆ ಸೆಂ.ಮೀ. ಏಳುತ್ತೆ.

ಹುಬ್ಳಿ_ಹೈಫೈ

ಅಂದರೆ 20ಕ್ಕೆ ನಾಲ್ಕೂವರೆ, ಅಡಿಗೆ ರಬ್ಬರ್, ಮೇಲೆ ಗಾಳಿಯಾಡೋಕೆ ಜಾಗ. ಎತ್ತರ 30 ಅಂತ ಬರೆಸಿ, ಅಗಲ 75. ಗೂಡಿನ ಬೆನ್ನಿಗೆ ಹಲಗೆ ಹೊಡೆಸಬೇಡಿ, ತೆರೆದೇ ಇರಲಿ. ಕೇಬಲ್‌ಗೆ ತೂತು ಕೊರೆಯೋ ಕೆಲಸವೂ ತಪ್ಪುತ್ತೆ.

ಕುಕ್ಕರಹಳ್ಳಿ_ಕೆರೆ

30 ಮತ್ತು 75, ಬೆನ್ನು ತೆರೆದದ್ದು. ಬಡಗಿಗೆ ಮೆಸೇಜ್ ಹೋಯ್ತು. "ಮೈಕ್ರೋವೇವ್ ಇಡ್ತೀರಾ ಸಾರ್?" ಅಂತ ಕೇಳಿದಾನೆ.